ಹಗ್ಗ ಮುಟ್ಟಿದವರ ಪಾಲು

ನನ್ನ ತಮ್ಮ ವೇದಿಕೆಯ ಮೇಲೆ ನಿಂತು ರಂಪಣಿ ಬಲೆಯ ಮಾತು ತೆಗೆದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ನಾನೂ ತಟ್ಟಿದೆ. ಈಗ ನೆನೆದರೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಅಂಕೋಲೆಯಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ಅಂದು ಚರ್ಚಾಕೂಟ. ಬಂಡವಾಳಶಾಹಿಗೂ ಅರಾಜಕತಾವಾದಕ್ಕೂ ಹೊಂದಿಕೆಯಾಗುತ್ತದೆಯೇ ಎಂಬುದು ವಿಷಯ. ಅರಾಜಕತಾವಾದ ಎಂದರೆ ಬಸ್ಸಿಗೆ ಕಲ್ಲು ಹೊಡೆಯುವುದಲ್ಲ, ಆಳುವವರಿಲ್ಲದೆ ಜನ ತಮ್ಮತಮ್ಮಲ್ಲೇ ಒಪ್ಪಿ ಬದುಕುವುದು ಎಂದು ತರಗತಿಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ದೇವಬಾಗದಲ್ಲಿ ಪ್ರವಾಸಿಗರಿಗೆ ಕಾಟೇಜು ಕಟ್ಟಿಸಿ ದೊಡ್ಡ ಮನುಷ್ಯನಾಗಿದ್ದ ತಮ್ಮನನ್ನು ಅತಿಥಿಯಾಗಿ ಕರೆಸಿದ್ದು ಪ್ರಾಂಶುಪಾಲರು.

ಅವನಿಗೆ ಸರ್ಕಾರ ಕಂಡರಾಗದು. ಅದಕ್ಕೆ ಕಾರಣವೂ ಇದೆ. ಅರ್ಗಾದಲ್ಲಿ ಸಮುದ್ರಕ್ಕೆ ಮುಖಮಾಡಿ ನಮ್ಮ ಮನೆಯಿತ್ತು. ನೌಕಾನೆಲೆ ಬಂತು, ಮನೆ ಹೋಯಿತು, ನಾವು ಕೋಡಿಬಾಗಕ್ಕೆ ಬಂದೆವು. ಅಪ್ಪ ಸಾಯುವವರೆಗೂ ಕಾಳಿ ನದಿಯ ದಂಡೆಯಲ್ಲಿ ಕೂತು ಸಮುದ್ರದ ಕಡೆಗೇ ನೋಡುತ್ತಿದ್ದ. ಆದ್ದರಿಂದ ಸರ್ಕಾರವನ್ನು ಬೈಯುವಾಗ ತಮ್ಮನ ಧ್ವನಿ ನಡುಗುವುದು ನಾಟಕವಲ್ಲ. ನನ್ನದೂ ನಡುಗುತ್ತದೆ.

“ನಮ್ಮ ರಂಪಣಿಗೆ ಯಾವ ಸರ್ಕಾರ ಬೇಕಾಗಿತ್ತು?” ಎಂದು ಅವನು ಕೇಳಿದ. “ಪೊಲೀಸ್ ಇಲ್ಲ, ಕೋರ್ಟ್ ಇಲ್ಲ. ಊರಿನವ್ರು ಬಂದು ಹಗ್ಗ ಎಳೀತಿದ್ರು, ಮೀನು ಹಂಚ್ಕಳ್ತಿದ್ರು. ಅದೇ ಸ್ವಾತಂತ್ರ್ಯ. ಅದಕ್ಕೆ ಮಾರುಕಟ್ಟೆ ಒಂದು ಸೇರಿಸಿ, ಸಾಕು. ಸರ್ಕಾರ ಎಂತಕ್ಕೆ?”

ಅವನು ಹೇಳಿದ್ದರಲ್ಲಿ ಮೊದಲರ್ಧ ಪೂರಾ ನಿಜ. ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ನಿಂತವರು ಎಳೆಯುತ್ತಾರೆ. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಗಟ್ಟಿಮುಟ್ಟಾದವನು ಎಳೆದರೂ ಅಷ್ಟೇ, ಹಲ್ಲುದುರಿದ ಮುದುಕಿ ತುದಿಯಲ್ಲಿ ಕೈಯಿಟ್ಟು ನಿಂತರೂ ಅಷ್ಟೇ. ಬಲೆಗೊಂದು ಪಾಲು, ದೋಣಿಗೊಂದು ಪಾಲು. ಮುಟ್ಟದವರಿಗೆ ಇಲ್ಲ.

ನಮ್ಮ ಅಮ್ಮನ ಅಕ್ಕ, ನಾವು ಮಾವಶಿ ಎನ್ನುವುದು, ಗಂಡ ಸತ್ತಮೇಲೆ ಇಷ್ಟು ವರ್ಷ ಬದುಕಿದ್ದು ಈ ಪಾಲಿನ ಮೇಲೆ. ನಾನು ಸಂಬಳದಲ್ಲಿ ಏನಾದರೂ ಕೊಡಲು ಹೋದರೆ ಮುಖ ತಿರುಗಿಸುತ್ತಿದ್ದಳು. ಹಗ್ಗದ ತುದಿಯಲ್ಲಿ ನಿಲ್ಲುವುದು, ಬಲೆ ಬಂದಮೇಲೆ ಮರಳಿನ ಮೇಲೆ ಮೀನಿನ ಗುಪ್ಪೆ ಹಾಕಿ ಪಾಲು ಮಾಡುವುದು, ಎರಡೂ ಅವಳದೇ. ಅವಳು ಹಾಕಿದ ಗುಪ್ಪೆ ದೊಡ್ಡದಾಯಿತು, ಸಣ್ಣದಾಯಿತು ಎಂದು ಜಗಳ ಆಡಿದವರಿಲ್ಲ.

ದೇವಬಾಗದ ದಂಡೆಯಲ್ಲಿ ಎಳೆಯುವ ಊರ ಬಲೆ ಹಳತಾಗಿ ಹರಿದಾಗ ಹೊಸದು ತಂದುಕೊಟ್ಟವನು ತಮ್ಮ. ಎಲ್ಲರೂ ಅವನನ್ನು ಹೊಗಳಿದರು. ಮಾವಶಿ ಅವನ ತಲೆ ಸವರಿದಳು.

ಚರ್ಚಾಕೂಟ ಮುಗಿದ ಮೇಲಿನ ಭಾನುವಾರ ಮಾವಶಿಯನ್ನು ಕರೆದುಕೊಂಡು ದೇವಬಾಗಕ್ಕೆ ಹೋದೆ. ಆ ವರ್ಷದ ಮೊದಲ ರಂಪಣಿ. ದಂಡೆಯಲ್ಲಿ ಹಗ್ಗ ಹಿಡಿದು ನಿಂತವರಲ್ಲಿ ನಮ್ಮವರು ಒಬ್ಬರೂ ಕಾಣಲಿಲ್ಲ. ಬರ್ಮುಡಾ ಚಡ್ಡಿಯವರು, ತಂಪುಕನ್ನಡಕದವರು, ಎಲ್ಲರ ಕೈಗೂ ಹಳದಿ ಪಟ್ಟಿ. ಕಾಟೇಜಿನಲ್ಲಿ ಉಳಿದುಕೊಂಡ ಅವರು ಹಗ್ಗ ಎಳೆಯುವುದಕ್ಕೆ ಪ್ರತ್ಯೇಕವಾಗಿ ದುಡ್ಡು ಕೊಟ್ಟಿದ್ದರು! ದುಡಿದವರಿಗೆ ಕೊಡುವುದನ್ನು ಕೇಳಿದ್ದೇನೆ, ಕೊಡದೆ ಮೋಸಮಾಡುವುದನ್ನೂ ಕಂಡಿದ್ದೇನೆ. ದುಡಿಯುವವರಿಂದಲೇ ವಸೂಲಿ ಮಾಡುವ ಈ ವಿದ್ಯೆಯನ್ನು ನನ್ನ ಒಡಹುಟ್ಟಿದವನೇ ಕಂಡುಹಿಡಿಯಬೇಕೇ? ನಮ್ಮವರು ನಾಲ್ಕೈದು ಜನ ಕೂಲಿಗೆ ನೀರಿನಲ್ಲಿ ನಿಂತು ಬಲೆ ಸರಿಮಾಡುತ್ತಿದ್ದರು. ನನ್ನ ತಮ್ಮ ಮೈಕು ಹಿಡಿದು ಕೂಗು ಹಾಕಿಸುತ್ತಿದ್ದ.

ಮಾವಶಿ ಸೀರೆ ಎತ್ತಿಕಟ್ಟಿ ಸೀದಾ ಹೋಗಿ ಹಗ್ಗದ ತುದಿಗೆ ಕೈ ಚಾಚಿದಳು. ಕಾವಲಿಗೆ ನಿಂತಿದ್ದವನೊಬ್ಬ ಓಡಿಬಂದು ಅಡ್ಡ ನಿಂತ. ಪಟ್ಟಿ ಇದ್ದವರಿಗೆ ಮಾತ್ರ ಎಂದ. ಅವಳು ತಮ್ಮನ ಕಡೆ ನೋಡಿದಳು. ಅವನು ಮೈಕು ಕೆಳಗಿಟ್ಟು ಬಂದ.

“ಮಾವಶಿ, ನೀ ಎಂತಕ್ಕೆ ಎಳೀತೆ? ನೆರಳಲ್ಲಿ ಕೂತ್ಕೋ. ಮೀನು ಮನೆಗೆ ಕಳಿಸ್ತೆ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಹೋಗಿ ನೆರಳಲ್ಲಿ ಕೂತಳು. ತಮ್ಮನ ಜೊತೆ ಜಗಳಕ್ಕೆ ನಿಂತಿದ್ದು ನಾನು.

“ಇದೇನಾ ನಿನ್ನ ಸ್ವಾತಂತ್ರ್ಯ?”

“ಎಲ್ಲಾ ಒಪ್ಪಿಗೆ ಮೇಲೇ ನಡೀತದೆ ಅಕ್ಕಾ. ಅವ್ರಿಗೆ ಎಳೆಯೋ ಖುಷಿ ಬೇಕು, ನಂಗೆ ಮೀನು ಬೇಕು. ಬಲವಂತ ಎಲ್ಲದೆ?”

“ಮಾವಶಿಯ ಒಪ್ಪಿಗೆ ಯಾರು ಕೇಳಿದ್ರು?”

“ಅವಳನ್ನ ಎಂತ ಕೇಳೂದು? ಬಲೆ ನಂದು.”

“ಅರ್ಗಾದಲ್ಲಿ ಅಪ್ಪನಿಗೂ ಹಿಂಗೇ ಹೇಳಿದ್ರು. ಆಳೋರೇ ಬೇಡ ಅಂದ್ಯಲ್ಲ, ಈಗ ನೀ ಯಾರು?”

ಅವನು ನಕ್ಕ. ಕಾಲೇಜಿನಲ್ಲಿ ಪಾಠ ಮಾಡುವವರಿಗೆ ವ್ಯವಹಾರ ತಿಳಿಯುವುದಿಲ್ಲವಂತೆ.

ಬಲೆ ದಂಡೆಗೆ ಬಂತು. ಬಂಗಡೆ, ಭರ್ತಿ ಬಂಗಡೆ. ಹಳದಿ ಪಟ್ಟಿಯವರು ಫೋಟೋ ತೆಗೆದುಕೊಳ್ಳಲು ಮುಗಿಬಿದ್ದರು. ಆ ಗಲಾಟೆಯಲ್ಲಿ ಮಾವಶಿ ಯಾವಾಗ ಎದ್ದಳೋ, ಮೀನಿನ ಮುಂದೆ ಕೂತು ಗುಪ್ಪೆ ಹಾಕತೊಡಗಿದಳು. ಬಲೆಗೊಂದು, ದೋಣಿಗೊಂದು, ನೀರಿನಲ್ಲಿ ನಿಂತವರಿಗೆ ಒಂದೊಂದು. ಆಮೇಲೆ ಹಗ್ಗ ಮುಟ್ಟಿದ ಪ್ರವಾಸಿಗರ ಕಾಲಬುಡದಲ್ಲಿ ಒಂದೊಂದು. ಇವರು ಯಾರು, ಯಾಕೆ ಬಂದರು ಎಂಬುದೆಲ್ಲ ಅವಳಿಗೆ ಬೇಕಿರಲಿಲ್ಲ. ಹಗ್ಗ ಮುಟ್ಟಿದ್ದಾರೆ, ಪಾಲು ಆಗಲೇಬೇಕು. ಬಿಳಿ ಗೌನಿನ ಹೆಂಗಸೊಬ್ಬಳು ಕಾಲು ಹಿಂದಕ್ಕೆಳೆದುಕೊಂಡು ಮೂಗು ಮುಚ್ಚಿದಳು. ಒಬ್ಬೊಬ್ಬರೇ ಐಸ್‌ಕ್ರೀಮಿನ ಗಾಡಿಯ ಕಡೆಗೆ ನಡೆದರು.

“ಅವ್ವಾ, ನಿಮ್ಮ ಪಾಲು ಬಿಟ್ಟು ಹೊಂಟ್ರಲ್ಲ!” ಎಂದು ಮಾವಶಿ ಕೂಗಿದಳು. ಯಾರೂ ತಿರುಗಿ ನೋಡಲಿಲ್ಲ. ತಮ್ಮನ ಆಳುಗಳು ಬಂದು ಗುಪ್ಪೆಗಳನ್ನೆಲ್ಲ ಬಾಚಿ ಕ್ರೇಟಿಗೆ ತುಂಬಿದರು. ನೀರಿನಲ್ಲಿ ನಿಂತವರದೂ ಹೋಯಿತು, ಅವರಿಗೆ ಕೂಲಿ ಇದೆಯಲ್ಲ. ಅವಳ ಕೈಯಲ್ಲಿದ್ದ ಮೀನನ್ನೂ ಒಬ್ಬ ಇಸಿದುಕೊಂಡ. ಹೇಸಿಗೆ! ಇಂಥದ್ದನ್ನು ಹೊಂದಿಕೆ ಎಂದು ಕರೆದು ಮಕ್ಕಳ ಮುಂದೆ ಭಾಷಣ ಮಾಡುವುದೇ?

ಸಂಜೆ ಕೋಡಿಬಾಗದ ನಮ್ಮ ಮನೆಗೆ ತಮ್ಮನಿಂದ ಮೀನು ಬಂತು. ಆರಿಸಿ ತೆಗೆದ ದಪ್ಪ ಬಂಗಡೆ, ಕತ್ತರಿಸಿ ತೊಳೆದು ಡಬ್ಬಿಗೆ ಹಾಕಿದ್ದು. ಸಿಟ್ಟಿದ್ದರೂ ಮಾವಶಿಗೋಸ್ಕರ ತೆಂಗಿನಕಾಯಿ ಅರೆದು, ಘಮಕ್ಕೆ ತೆಪ್ಪಳದ ಕಾಳು ಜಜ್ಜಿ ಹಾಕಿ ಸಾರು ಮಾಡಿದೆ. ಬಡಿಸಲು ಹೋದರೆ ಅವಳು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

“ನಂಗೆ ಬೇಡ.”

“ಅವನ ಮೇಲೆ ಸಿಟ್ಟಾ?”

“ಸಿಟ್ಟು ಎಂತಕ್ಕೆ? ನಾ ಇವತ್ತು ಹಗ್ಗ ಮುಟ್ಲಿಲ್ಲ ಅಲ್ಲಾ.”

ಆಗ ನೆನಪಾಯಿತು. ಅಷ್ಟು ಗುಪ್ಪೆ ಹಾಕಿದವಳು ತನ್ನ ಮುಂದೆ ಒಂದೂ ಹಾಕಿಕೊಂಡಿರಲಿಲ್ಲ.

ಅವಳು ಅನ್ನಕ್ಕೆ ಕೋಕಂ ಕಡಿಯ ತಿಳಿಸಾರು ಹಾಕಿಕೊಂಡು ಉಂಡು ಎದ್ದಳು. ಅಷ್ಟರಲ್ಲಿ ತಮ್ಮನ ಫೋನು ಬಂತು, ಮೀನು ಹೇಗಿತ್ತು ಎಂದು ಕೇಳಲು. ನಾನು ಎತ್ತಲಿಲ್ಲ. ಸಾರಿನ ಪಾತ್ರೆಯನ್ನು ಹಿತ್ತಲಿಗೆ ಒಯ್ದು ಬೆಕ್ಕುಗಳ ಮುಂದೆ ಸುರಿದೆ.