ನೋಡದ ಸಿನಿಮಾಕ್ಕೆ ‘ಅಡ್ಡಿಯಿಲ್ಲ’ ಎಂದವನು

ಆ ಸಿನಿಮಾವನ್ನು ನಾನು ನೋಡಿರಲಿಲ್ಲ. ನೋಡಿದ್ದೇನೆ ಎಂದು ಹೇಳಿದೆ. ಒಬ್ಬರಿಗಲ್ಲ, ಒಂದು ಸಲವಲ್ಲ — ಬಾಬಾಜಾನನಿಗೆ ಫೋನಿನಲ್ಲಿ ಹೇಳಿದೆ, ಶಾಲೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬರೆದೆ, ಕೊನೆಗೆ ಅವನ ತಾಯಿಯ ಎದುರು ಕುಳಿತು, ಅವಳ ಕೈ ನನ್ನ ಕೈಮೇಲಿರುವಾಗಲೇ ಹೇಳಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ತಡ ಮಾಡಿದರೆ ನನ್ನ ನಾಲಿಗೆ ಎಲ್ಲಿಯಾದರೂ ಒಳದಾರಿ ಹುಡುಕಿಕೊಳ್ಳುತ್ತದೆ. ಅದರ ಅಭ್ಯಾಸವೇ ಹಾಗೆ.

ಬಾಬಾಜಾನ ಮತ್ತು ನಾನು ಉಣಕಲ್ಲಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಅವನು ಅಲ್ಲಿಯೇ ಉಳಿದ. ಕೆರೆಯ ಹತ್ತಿರ ಅವನದೊಂದು ಬೈಕ್ ಗ್ಯಾರೇಜು. ನಾನು ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರನಾದೆ, ಮಾಳಮಡ್ಡಿಯಲ್ಲಿ ಮನೆ ಮಾಡಿದೆ. ಬಾಬಾಜಾನ ಊರಿಗೆಲ್ಲ ‘ರೀ’ ಹಚ್ಚಿ ಮಾತಾಡುವವನು. ಹಾಲು ಹಾಕಲು ಬಂದವರಿಗೂ ‘ಬರ್ರಿ’ ಎನ್ನುತ್ತಾನೆ, ಬಾಕಿ ಉಳಿಸಿಕೊಂಡ ಗಿರಾಕಿಗೂ ‘ಕೂಡ್ರಿ’ ಎನ್ನುತ್ತಾನೆ. ನನಗೊಬ್ಬನಿಗೆ ಮಾತ್ರ ‘ಬಾ’. ಸಿಟ್ಟಿದ್ದರೆ ‘ಬಾರಲೇ’. ಅದೆಷ್ಟು ದೊಡ್ಡ ಸಂಗತಿ ಎಂದು ಆಗ ನಾನು ಯೋಚಿಸಿರಲಿಲ್ಲ.

ನಮ್ಮ ಗುಂಪಿನಲ್ಲಿ ಒಂದು ರೂಢಿ ಇದೆ. ದೀಪಾವಳಿ ಇರಲಿ, ಬೇಸಿಗೆ ಇರಲಿ, ರಜೆಯಲ್ಲಿ ಯಾರು ಯಾವ ಸಿನಿಮಾ ನೋಡಿದರು, ಹೇಗಿತ್ತು ಎಂದು ಬರೆಯಬೇಕು. ಎಲ್ಲರೂ ‘ಸೂಪರ್’, ‘ಬೆಂಕಿ’ ಎಂದು ಚಿಮ್ಮಿಸುತ್ತಿದ್ದರೆ ನಾನು ಹೆಚ್ಚೆಂದರೆ ‘ಅಡ್ಡಿಯಿಲ್ಲ’ ಎನ್ನುತ್ತಿದ್ದೆ. ಆ ಮಾತಿನ ತೂಕ ನಮ್ಮ ಕಡೆಯವರಿಗೆ ಗೊತ್ತು. ಹೋಳಿಗೆ ಬಾಯಲ್ಲಿ ಕರಗಿದರೂ ಅಡ್ಡಿಯಿಲ್ಲ, ಅಳಿಯ ಬಂಗಾರದಂಥವನಾದರೂ ಅಡ್ಡಿಯಿಲ್ಲ. ಅದಕ್ಕಿಂತ ಮೇಲಿನ ಹೊಗಳಿಕೆ ನಮ್ಮ ಮನೆತನದಲ್ಲಿ ಯಾರಿಗೂ ಸಿಕ್ಕಿಲ್ಲ. ಹಾಗಾಗಿ ಮಾಸ್ತರ ಅಡ್ಡಿಯಿಲ್ಲ ಎಂದನೆಂದರೆ ಗೆಳೆಯರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಥೇಟರಿಗೆ ಹೋಗುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಮಾತು ನನ್ನ ಹೆಂಡತಿ ಸುಧಾಳದು. ರಜೆ ಬಂತೆಂದರೆ ನಾವಿಬ್ಬರೂ ಸಿನಿಮಾಕ್ಕೆ ಹೋಗುತ್ತಿದ್ದೆವು. ಹೊರಗೆ ಬಂದು ಗಿರಮಿಟ್ಟು ತಿನ್ನುತ್ತ ಜಗಳ. ನಾನು ನಿರ್ದೇಶಕನ ಜನ್ಮ ಜಾಲಾಡಿಸುತ್ತಿದ್ದೆ. ಅವಳು ಮೆಣಸಿನಕಾಯಿ ಬಜಿಯ ತೊಟ್ಟು ತೆಗೆದಿಡುತ್ತ, “ಅಡ್ಡಿಯಿಲ್ಲ ಬಿಡ್ರಿ” ಎಂದು ಮುಗಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಒಂದು ಸಲ ಒಬ್ಬನೇ ಹೋದೆ. ಕುಳಿತವನು ರೂಢಿಯಂತೆ ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿದ್ದೆ. ಯಾರೋ ಬಂದು, “ಇಲ್ಲೆ ಯಾರರ ಬರ್ತಾರೇನ್ರಿ?” ಎಂದರು. ಕರವಸ್ತ್ರ ಎತ್ತಿಕೊಂಡು ಎದ್ದು ಬಂದುಬಿಟ್ಟೆ. ಆಮೇಲೆ ಥೇಟರಿನ ಗೇಟಿನವರೆಗೆ ಹೋಗುವುದು, ತಿರುಗಿ ಬರುವುದು — ಇದನ್ನು ಕಾರಣವೆಂದು ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತಿದ್ದೇನೆ.

ಆದರೆ ಗುಂಪಿನಲ್ಲಿ ಬರೆಯುವುದನ್ನು ಬಿಡಲಿಲ್ಲ. ಬಿಟ್ಟರೆ ನನ್ನ ಫೋನು ದಿನಗಟ್ಟಲೆ ಸುಮ್ಮನೆ ಬಿದ್ದಿರುತ್ತಿತ್ತು. ಅವರಿವರು ಬರೆದದ್ದನ್ನು ಓದುತ್ತಿದ್ದೆ, ಟ್ರೇಲರ್ ನೋಡುತ್ತಿದ್ದೆ, ಆಮೇಲೆ ಬರೆಯುತ್ತಿದ್ದೆ: ಮೊದಲರ್ಧ ಎಳೆದಿದ್ದಾರೆ, ಹಾಡುಗಳು ದಂಡ, ತಾಯಿಯ ಪಾತ್ರದವಳು ಅಡ್ಡಿಯಿಲ್ಲ. ಲಾಡಿಯ ಬದಲು ರಬ್ಬರ್ ಹಾಕಿದ ಪೈಜಾಮದಂತೆ ಇದು ಯಾವ ಸಿನಿಮಾಕ್ಕೂ ಕೂಡುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. “ಮಾಸ್ತರ ಹೇಳಿದ್ದು ಖರೇ ಐತಿ ನೋಡ” ಎಂದು ಉತ್ತರ ಬರುತ್ತಿತ್ತು. ಆ ಸಂಜೆ ನಾನು ಒಬ್ಬನೇ ಇದ್ದೇನೆ ಎಂದು ಅನ್ನಿಸುತ್ತಿರಲಿಲ್ಲ. ಇದರಿಂದ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಉಣಕಲ್ ಕೆರೆಯ ಹತ್ತಿರ ಒಂದು ಸಿನಿಮಾದ ಶೂಟಿಂಗ್ ಬಂತು. ನಾಯಕನ ಬೈಕು ಕೆಟ್ಟು ನಿಲ್ಲುವ ದೃಶ್ಯಕ್ಕೆ ಗ್ಯಾರೇಜು ಬೇಕಿತ್ತು; ಗ್ಯಾರೇಜಿನ ಜೊತೆಗೆ ಬಾಬಾಜಾನನ ಮುಖವೂ ಅವರಿಗೆ ಹಿಡಿಸಿತು. ಅವನಿಗೊಂದು ಮಾತು ಕೊಟ್ಟರು. ಬೈಕು ರಿಪೇರಿ ಮಾಡಿ, ಕೈ ಒರೆಸಿಕೊಳ್ಳುತ್ತ, ನಾಯಕನಿಗೆ ಹೇಳಬೇಕು: “ಚೈನ್ ಸಡ್ಲ ಐತಿ. ಸಾವಕಾಶ ಹೋಗ್ರಿ.” ಅಷ್ಟೇ. ಅದನ್ನು ಅವನು ನನ್ನ ಮುಂದೆ ಎಷ್ಟು ರೀತಿ ಹೇಳಿ ತೋರಿಸಿದ! ಹಲ್ಲು ಬಿಟ್ಟು, ಗಂಭೀರವಾಗಿ, ಬೇರೆ ಕಡೆ ನೋಡುತ್ತ. ಶಾಲೆಯಲ್ಲಿದ್ದಾಗ ನಾಟಕಕ್ಕೆ ಬಣ್ಣ ಹಚ್ಚಿಕೊಂಡಿದ್ದಕ್ಕೆ ಅವನಪ್ಪ ಬೆಲ್ಟು ಬಿಚ್ಚಿದ್ದು, ಅವನ ತಾಯಿ ಹುಸೇನಬಿ ಅಡ್ಡ ಬಂದು ತಾನೂ ಏಟು ತಿಂದದ್ದು ನನಗೆ ಗೊತ್ತಿತ್ತು. ಆ ಒಂದು ಮಾತನ್ನು ಅವನು ಯಾರಿಗೆ ತೋರಿಸಬೇಕೆಂದಿದ್ದ ಎಂಬುದೂ ಗೊತ್ತಿತ್ತು.

ದೀಪಾವಳಿಯ ರಜೆಯಲ್ಲಿ ಸಿನಿಮಾ ಬಿಡುಗಡೆಯಾಯಿತು. ಬಾಬಾಜಾನ ಫೋನ್ ಮಾಡಿದ.

“ಮೊದಲ ನೀ ನೋಡಿ ಹೇಳೋ. ಇವ್ರು ಕತ್ರಿ ಹಾಕ್ತಾರಂತ ಕೇಳೇನಿ. ನಾ ಇದ್ರ ಅಮ್ಮಾನ್ನ ಕರ್ಕೊಂಡು ಹೊಕ್ಕೇನಿ. ಇಲ್ದಿದ್ರ ಮುದುಕೀನ್ನ ಮೆಟ್ಟಲಾ ಹತ್ತಿಸಿ ಯಾಕ್ ಸುಮ್ನ...”

ನೋಡಿ, ಅವನು ಅಭಿಪ್ರಾಯ ಕೇಳಿರಲಿಲ್ಲ. ನಟನೆ ಹೇಗಿದೆ ಎಂದೂ ಕೇಳಿರಲಿಲ್ಲ. ಇದ್ದೇನೋ ಇಲ್ಲವೋ — ಇಷ್ಟೇ. ಕಣ್ಣಿದ್ದ ಯಾರಾದರೂ ಹೇಳಬಹುದಾಗಿದ್ದ ಮಾತು. ನಾನು ಒಪ್ಪಿಕೊಂಡೆ, ಮರುದಿನ ಧಾರವಾಡದ ಥೇಟರಿನ ಗೇಟಿನವರೆಗೆ ಹೋದೆ ಕೂಡ. ಜೋಡಿ ಜೋಡಿಯಾಗಿ ಜನ ಒಳಗೆ ಹೋಗುತ್ತಿದ್ದರು. ಜೇಬಿನಲ್ಲಿ ಕರವಸ್ತ್ರವಿತ್ತು. ತಿರುಗಿ ಮನೆಗೆ ಬಂದೆ.

ಸಂಜೆ ಅವನ ಫೋನು.

“ನೋಡ್ದಿ?”

“ಹ್ಞೂಂ.”

“ನಾ ಅದೇನಿ?”

ಇಲ್ಲಿ ಒಂದು ಕ್ಷಣವಿತ್ತು. ಇಲ್ಲಪಾ, ಗೇಟಿನಿಂದಲೇ ಬಂದೆ, ಒಳಗೆ ಹೋಗಲಾಗಲಿಲ್ಲ ಎನ್ನಬಹುದಿತ್ತು. ಅವನು ನಗುತ್ತಿರಲಿಲ್ಲ. ಗ್ಯಾರೇಜು ಮುಚ್ಚಿ ಬಂದು ನನ್ನನ್ನು ತಾನೇ ಕರೆದುಕೊಂಡು ಹೋಗುತ್ತಿದ್ದ, ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ — ದಿನವಿಡೀ ಶೂಟಿಂಗ್ ಮಾಡಿದ್ದಾರೆ, ಇಲ್ಲದೆ ಎಲ್ಲಿ ಹೋಗುತ್ತದೆ ಎಂದುಕೊಂಡು —

“ಅದಿಯಪಾ,” ಎಂದೆ. “ಅಡ್ಡಿಯಿಲ್ಲ.”

“ಅಡ್ಡಿಯಿಲ್ಲ? ಖರೇನ? ನೀ ಅಂದಿ ಅಡ್ಡಿಯಿಲ್ಲಂತ?” ಅವನು ಹಿಂದಿದ್ದ ಯಾರಿಗೋ ಉರ್ದುವಿನಲ್ಲಿ ಕೂಗಿ ಹೇಳಿದ್ದು ಕೇಳಿಸಿತು. ಅವರು ನಕ್ಕದ್ದೂ ಕೇಳಿಸಿತು. ನನಗೂ ಖುಷಿಯಾಯಿತು — ನಾಚಿಕೆಗೇಡು, ಆದರೆ ಆಯಿತು. ಆ ಉತ್ಸಾಹದಲ್ಲಿಯೇ ಗುಂಪಿನಲ್ಲಿಯೂ ಬರೆದೆ: ನಮ್ಮ ಬಾಬಾಜಾನನ ದೃಶ್ಯ ಚಿಕ್ಕದು, ಆದರೆ ಅಡ್ಡಿಯಿಲ್ಲ.

ಮಾರನೆಯ ದಿನ ಅವನು ತಾಯಿ, ತಂಗಿಯರು, ಮನೆಯ ಅಳಿಯಂದಿರನ್ನೆಲ್ಲ ಎರಡು ಆಟೋಗಳಲ್ಲಿ ತುಂಬಿಕೊಂಡು ಹುಬ್ಬಳ್ಳಿಯ ಥೇಟರಿಗೆ ಹೋದ. ಇಂಟರ್ವಲ್‌ನಲ್ಲಿ ಫೋನು ಬಂತು. ಹಿಂದೆ ಜನರ ಗದ್ದಲ.

“ನಂದು ಎಲ್ಲಿ ಬರ್ತೈತಿ? ಇಂಟರ್ವಲ್ ಆದಮ್ಯಾಲೇನು?”

“ಆಮ್ಯಾಲ,” ಎಂದೆ.

ಕೊನೆಗೂ ಬಾರದ ಆ ದೃಶ್ಯಕ್ಕೆ ಕಾಯುತ್ತ ಉಳಿದರ್ಧವನ್ನು ಅವರು ಹೇಗೆ ನೋಡಿರಬೇಕು! ಪ್ರತಿ ಸಲ ಬೈಕು ಕಂಡಾಗ ಹುಸೇನಬಿ ಮುಂದೆ ಬಾಗಿರಬೇಕು. ಅವಳ ತುಂಬಿದ ಕಣ್ಣು, ಮುಗಿದ ಮೇಲೆ ಹತ್ತಿದ ದೀಪ — ಅದ್ಯಾವುದನ್ನೂ ನಾನು ಕಂಡಿಲ್ಲ. ಆದರೆ ನೋಡಿದ ಎಲ್ಲ ಸಿನಿಮಾಗಳಿಗಿಂತ ಹೆಚ್ಚು ಸಲ ಅದನ್ನೇ ನೋಡಿದ್ದೇನೆ.

ಬಾಬಾಜಾನ ನನ್ನನ್ನು ಬೈಯಲಿಲ್ಲ. ಬೈಯುವ ವಿಚಾರವೇ ಅವನಿಗೆ ಬಂದಿರಲಿಲ್ಲ. “ಹುಬ್ಬಳ್ಯಾಗ ಕತ್ರಿ ಹಾಕ್ಯಾರಪಾ,” ಎಂದ ಫೋನಿನಲ್ಲಿ. “ನೀ ಧಾರವಾಡದಾಗ ನೋಡೀದಿ ಅಲ್ಲಾ? ಅಲ್ಲೆ ಪೂರಾ ಇರಬೇಕ. ಅಮ್ಮಾಗೂ ಹಂಗ ಹೇಳೇನಿ.” ನನಗಾಗಿ ಅವನೇ ಒಂದು ದಾರಿ ಮಾಡಿಕೊಟ್ಟಿದ್ದ, ಪಾಪ, ತಿಳಿಯದೆ. ನಾನು ಅದರಲ್ಲಿಯೇ ನಡೆದೆ. “ಇರಬೇಕು,” ಎಂದೆ.

ಎರಡು ದಿನ ಕಳೆದು, ಮಧ್ಯಾಹ್ನ ಕಾಯಿಪಲ್ಲೆ ತರಲು ಹೊರಟಿದ್ದೆ. ಧಾರವಾಡದ ಆ ಥೇಟರಿನ ಎದುರು ಅವನ ಕೆಂಪು ಸ್ಕೂಟರು ನಿಂತಿತ್ತು. ಸೀಟಿನ ಹರಿದ ಜಾಗಕ್ಕೆ ಅವನೇ ಹಚ್ಚಿದ ನೀಲಿ ತೇಪೆ — ನೂರು ಗಾಡಿಗಳಲ್ಲಿಯೂ ಗುರುತು ಹಿಡಿಯುತ್ತೇನೆ. ಒಳಗೆ ಅವನು ಒಬ್ಬನೇ ಕುಳಿತು, ಇಲ್ಲದ ತನ್ನನ್ನು ಹುಡುಕುತ್ತಿದ್ದ. ಅಲ್ಲಿಯೇ ನಿಲ್ಲಬೇಕಿತ್ತು. ಅವನು ಹೊರಗೆ ಬಂದಾಗ ಮುಖ ಕೊಡಬೇಕಿತ್ತು. ನಾನು ಬೇರೆ ಓಣಿ ಹಿಡಿದು ಮನೆಗೆ ಬಂದೆ, ಬಾಗಿಲು ಹಾಕಿಕೊಂಡೆ. ಅವನು ಬರುತ್ತಾನೆ, ‘ಬಾರಲೇ ಹೊರಗ’ ಎಂದು ಬಾಗಿಲು ಬಡಿಯುತ್ತಾನೆ ಎಂದು ಸಂಜೆಯವರೆಗೆ ಕಾದೆ. ಮಾಳಮಡ್ಡಿ ಅಲ್ಲಿಂದ ಎಷ್ಟು ದೂರ? ಅವನು ಬರಲಿಲ್ಲ.

ಮುಂದಿನ ವಾರ ಹುಸೇನಬಿ ಹೇಳಿಕಳಿಸಿದಳು. ಹೋದೆ — ಹೋಗದಿದ್ದರೆ ಸಂಶಯ ಬರುತ್ತದೆ ಎಂಬ ಹೆದರಿಕೆಯಿಂದ ಹೋದೆ. ಅವಳು ಮಂಚದ ಮೇಲೆ ಜಾಗ ಮಾಡಿ ಕೂಡಿಸಿಕೊಂಡು, ನನ್ನ ಕೈಮೇಲೆ ಕೈಯಿಟ್ಟಳು.

“ನನಗಂತೂ ನಸೀಬ ಇರಲಿಲ್ಲಪಾ. ನಿನ್ನ ಕಣ್ಣಾಗರ ಬಿದ್ದೈತಲ್ಲ, ಅಷ್ಟ ಸಾಕು. ಹೇಳ ಮಗಾ, ಹೆಂಗ ಕಾಣತಿದ್ದ?”

ಬಾಬಾಜಾನ ಹೊಸ್ತಿಲ ಮೇಲೆ ಕುಳಿತು ಸೀಮೆಎಣ್ಣೆ ಅರಿವೆಯಿಂದ ಬೆರಳು ಒರೆಸಿಕೊಳ್ಳುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು. ನಾನು ಅವನತ್ತ ನೋಡಿದೆ. ಅವನು ಬೆರಳುಗಳನ್ನೇ ನೋಡುತ್ತಿದ್ದ. ನಾನು ಹೇಳಿದೆ. ಕೆರೆಯ ನೀರು ಹಿಂದೆ ಹೊಳೆಯುತ್ತಿತ್ತು ಎಂದೆ. ನೀಲಿ ಅಂಗಿ ಹಾಕಿದ್ದ ಎಂದೆ. ನಾಯಕ ಗಾಡಿ ಏರಿದ, ಇವನು ಕೈ ಒರೆಸಿಕೊಳ್ಳುತ್ತ ‘ಸಾವಕಾಶ ಹೋಗ್ರಿ’ ಎಂದ, ಥೇಟರಿನಲ್ಲಿ ಜನ ಸಿಳ್ಳೆ ಹಾಕಿದರು ಎಂದೆ. ಸಿಳ್ಳೆ ಯಾಕೆ ಸೇರಿಸಿದೆನೋ — ಅಷ್ಟು ಚಂದವಾಗಿ ನಾನು ಯಾವ ಸಿನಿಮಾದ ಬಗ್ಗೆಯೂ ಹೇಳಿರಲಿಲ್ಲ. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಅವರಪ್ಪ ಇರಬೇಕಿತ್ತ,” ಎಂದಳು. ಹೊಸ್ತಿಲ ಮೇಲಿದ್ದವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ತಾಯಿಯ ನಗು ಹೋಗುತ್ತಿತ್ತು. ಅವನ ಮನೆಯಲ್ಲಿಯೇ, ಅವನ ತಾಯಿಯ ಎದುರಿಗೇ, ಅವನನ್ನು ನನ್ನ ಸುಳ್ಳಿಗೆ ಪಾಲುದಾರನನ್ನಾಗಿ ಮಾಡಿದೆ. ಸಿನಿಮಾ ನೋಡದಿದ್ದದ್ದು ಸಣ್ಣದು. ನನ್ನ ತಪ್ಪು ಇದು.

ಬಾಬಾಜಾನ ಗೇಟಿನವರೆಗೆ ಕಳಿಸಲು ಬಂದ. ನಾನು ಗಾಡಿ ಚಾಲೂ ಮಾಡಿದೆ. ಬೈಯುತ್ತಾನೆ, ಹೊಡೆಯುತ್ತಾನೆ, ಏನಾದರೂ ಮಾಡಲಿ ಎಂದು ಕಾದೆ. ಅವನು ಕೈ ಒರೆಸಿಕೊಳ್ಳುತ್ತ, ನನ್ನ ಗಾಡಿಯ ಚಕ್ರ ನೋಡುತ್ತ ಹೇಳಿದ:

“ಸಾವಕಾಶ ಹೋಗ್ರಿ.”

ಅದು ಅವನ ಸಿನಿಮಾದ ಮಾತೋ, ನನಗೆ ಹೇಳಿದ್ದೋ, ಇಂದಿಗೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಚಡ್ಡಿ ಹಾಕುವ ಕಾಲದಿಂದ ನನಗೆ ‘ಹೋಗೋ’ ಎನ್ನುತ್ತಿದ್ದವನು ಅಂದು ‘ಹೋಗ್ರಿ’ ಎಂದ. ಊರಿಗೆಲ್ಲ ಕೊಡುವ ಮರ್ಯಾದೆಯನ್ನು ನನಗೂ ಕೊಟ್ಟ.

ಆಮೇಲೆ ವರ್ಷಗಳೇ ಆದವು. ನಾನು ಉಣಕಲ್ಲಿಗೆ ಹೋಗಿಲ್ಲ. ಬಸ್ಸು ಅಲ್ಲಿ ನಿಂತರೆ ಕೆರೆಯ ಕಡೆ ನೋಡದೆ ಕೂಡುತ್ತೇನೆ. ಗುಂಪಿನಲ್ಲಿ ಅವನಿದ್ದಾನೆ, ಎಲ್ಲವನ್ನೂ ಓದುತ್ತಾನೆ, ಏನೂ ಬರೆಯುವುದಿಲ್ಲ. ಈ ದೀಪಾವಳಿಗೂ ಗೆಳೆಯರು ಕೇಳಿದರು, “ಏನ ನೋಡ್ದಿ ಮಾಸ್ತರ? ಹೆಂಗಿತ್ತು?” ಅದೇ ದಿನ ಬಾಬಾಜಾನನ ತಂಗಿಯ ಫೋನು ಬಂತು. ಹುಸೇನಬಿ ಹಾಸಿಗೆ ಹಿಡಿದಿದ್ದಾಳೆ. ನೋಡಲು ಬಂದವರಿಗೆಲ್ಲ, ನನ್ನ ಮಗ ಸಿನಿಮಾದಲ್ಲಿದ್ದ, ಮಾಸ್ತರ ನೋಡಿದ್ದಾನೆ ಎನ್ನುತ್ತಾಳಂತೆ. “ಅಮ್ಮಾ ನಿಮ್ಮನ್ನ ಕರ್ಯಾಕತ್ತಾಳ್ರಿ. ಅದನ್ನ ಇನ್ನೊಮ್ಮೆ ಹೇಳಂತಾಳ.”

ಮೊದಲು ಗುಂಪಿಗೆ ಬರೆದೆ: ಈ ಸಲ ಏನೂ ನೋಡಿಲ್ಲ. ಬಾಬಾಜಾನನ ಸಿನಿಮಾವನ್ನೂ ನಾನು ನೋಡಿರಲಿಲ್ಲ. ಅವನಿಗೆ ಸುಳ್ಳು ಹೇಳಿದ್ದೆ. ಸ್ವಲ್ಪ ಹೊತ್ತಿಗೆ ಬಾಬಾಜಾನ ಓದಿದ ಗುರುತು ಬಿತ್ತು.

ನಾಳೆ ಬೆಳಿಗ್ಗೆ ಉಣಕಲ್ಲಿಗೆ ಹೋಗುತ್ತೇನೆ. ಹುಸೇನಬಿಗೆ ಏನು ಹೇಳಬೇಕು ಎಂಬುದನ್ನು ಬಾಬಾಜಾನನೇ ನಿರ್ಧರಿಸಲಿ. ಅವನ ಮನೆಯ ಮಾತನ್ನು ನಾನು ನಿರ್ಧರಿಸಿದ್ದು ಸಾಕು. ಮೊದಲು ಗ್ಯಾರೇಜಿಗೆ ಹೋಗಿ, ಗೇಟಿನಿಂದ ತಿರುಗಿ ಬಂದದ್ದನ್ನು, ಕೆಂಪು ಸ್ಕೂಟರು ಕಂಡು ಓಣಿ ಬದಲಿಸಿದ್ದನ್ನು, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ಅವನು ‘ಬಾ’ ಎಂದರೆ ಕುಳಿತು ಹೇಳುತ್ತೇನೆ. ‘ಬರ್ರಿ’ ಎಂದರೆ ನಿಂತೇ ಹೇಳುತ್ತೇನೆ.