ದೇವರ ಗುಂಡಿಯ ಮೀನು

ಅಕ್ಕ, ದೇವರ ಗುಂಡಿಯ ಮೀನುಗಳು ನಿನ್ನ ತಪ್ಪಿನಿಂದ ಹೋದದ್ದಲ್ಲ. ಅವುಗಳನ್ನು ಹಿಡಿದುಕೊಂಡು ಹೋದವನು ನಾನು. ಕಾರ್ಕಳದ ನಿನ್ನ ಗಂಡನ ಮನೆಯ ಹಿಂದಿನ ತೋಡಿನ ದಂಡೆಯಲ್ಲಿ ನಿಂತು ನೀನು ಅಳುತ್ತಿದ್ದಾಗ ಅವು ಮಣಿಪಾಲದ ನನ್ನ ಬಾಡಿಗೆ ಕೋಣೆಯಲ್ಲಿ, ಗಾಜಿನ ತೊಟ್ಟಿಯೊಳಗೆ, ಚೆನ್ನಾಗಿಯೇ ಈಜಾಡುತ್ತಿದ್ದವು.

ಇಷ್ಟನ್ನು ಬರೆಯಲು ನಿನ್ನ ಮಗಳು ಹುಟ್ಟಿ ದೊಡ್ಡವಳಾಗುವಷ್ಟು ಕಾಲ ಬೇಕಾಯಿತು. ನಾನು ರಿಪೇರಿ ಕೆಲಸದವನು. ಯಂತ್ರ ನಿಂತರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಿ ಸಂಬಳ ತೆಗೆದುಕೊಂಡವನು. ಈ ಒಂದು ವಿಷಯದಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ — ಎಲ್ಲಿ ಕೆಟ್ಟಿತೆಂದು ಮೊದಲಿನಿಂದಲೂ ಗೊತ್ತಿತ್ತು. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಸುಮ್ಮನೆ ಕೂತೆ.

ನಿನಗೆ ನೆನಪಿರಬಹುದು, ಎಪ್ಪತ್ತರ ದಶಕದ ನಡುವೆ ಎಲ್ಲೋ, ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಲ್ಯಾಬಿನ ಸಾಮಾನು ಸರಿಮಾಡುವ ಕೆಲಸಕ್ಕೆ ಸೇರಿದ್ದೆ. ಆ ವರ್ಷ ಅಲ್ಲಿಗೆ ಪಾಠ ಮಾಡಲು ಅಮೆರಿಕದಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಅವರ ಸ್ಲೈಡ್ ಪ್ರೊಜೆಕ್ಟರ್ ಕೆಟ್ಟಿತು, ನಾನು ಸರಿಮಾಡಿದೆ. ಸರಿಯಾಯಿತೋ ಎಂದು ನೋಡಲು ಅವರು ತಮ್ಮ ಮನೆಯ ಚಿತ್ರಗಳನ್ನೇ ಗೋಡೆಯ ಮೇಲೆ ಬಿಟ್ಟರು. ಹೆಂಡತಿ, ನಾಯಿ, ಹಿಮ — ಆಮೇಲೆ ಒಂದು ಗಾಜಿನ ತೊಟ್ಟಿ. ಅದರ ತುಂಬ ಉರುಟು ಕಲ್ಲು. ಕಲ್ಲಿನ ಮೇಲೆ ಬೆರಳುದ್ದದ ಮೀನುಗಳು ಕೂತಿದ್ದವು, ಮೈಮೇಲೆ ನೀಲಿ ಮತ್ತು ಕಿತ್ತಳೆ ಬಣ್ಣದ ಪಟ್ಟೆ. ಎಲ್ಲವೂ ಒಂದೇ ಕಡೆಗೆ ಮುಖ ಮಾಡಿದ್ದವು, ಬಸ್ಸಿಗೆ ಕಾಯುವವರ ಹಾಗೆ.

ಅವು ಅಂಗಡಿಯ ಮೀನಲ್ಲವೆಂದರು. ತಮ್ಮ ಊರಿನ ತೋಡಿನವು, ತಾವೇ ಬಲೆ ಹಿಡಿದು ತಂದವು. ನಿಂತ ನೀರಿನಲ್ಲಿ ಅವು ಬದುಕುವುದಿಲ್ಲ. ತೊಟ್ಟಿಯ ನೀರೂ ತೋಡಿನಂತೆ ತಣ್ಣಗಿರಬೇಕು, ಹರಿಯುತ್ತಲೇ ಇರಬೇಕು, ಅದಕ್ಕೊಂದು ಪಂಪು ಬೇಕು — ಇದನ್ನೆಲ್ಲ ಮಗುವಿಗೆ ಹೇಳುವ ಹಾಗೆ ವಿವರಿಸಿದರು. ಕೊನೆಗೆ ಕೇಳಿದರು: “ನಿಮ್ಮ ತೋಡಿನಲ್ಲಿ ಯಾವ ಮೀನುಗಳಿವೆ?”

ನನಗೆ ಗೊತ್ತಿರಲಿಲ್ಲ. ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದ ನಮಗೆ ಮೀನೆಂದರೆ ಸಮುದ್ರದ್ದು, ಬಂಗುಡೆ, ಬೂತಾಯಿ. ತೋಡಿನ ಮೀನು ಲೆಕ್ಕಕ್ಕೇ ಇಲ್ಲ. ಆದರೆ ಆ ಪ್ರಶ್ನೆ ನನಗೆ ತಾಗಿತು. ಈ ಮನುಷ್ಯನಿಗೆ ನಮ್ಮದನ್ನೂ ತೋರಿಸಬೇಕು ಎನ್ನಿಸಿತು. ದೇಶಾಭಿಮಾನ ಎಂದು ಆಗ ಹೇಳಿಕೊಂಡೆ. ಈಗ ನೋಡಿದರೆ, ಹೊಗಳಿಸಿಕೊಳ್ಳುವ ಚಪಲ — ಅಷ್ಟೇ ಇರಬೇಕು.

ತೊಟ್ಟಿ ಮಾಡುವುದು ಕಷ್ಟವಾಗಲಿಲ್ಲ. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಸಂದಿಗೆ ಪುಟ್ಟಿ ಮೆತ್ತಿದೆ. ಲ್ಯಾಬಿನಲ್ಲಿ ಬಿಸಾಡಿದ್ದ ಒಂದು ಮೋಟಾರಿಗೆ ಜೀವ ಕೊಟ್ಟು ನೀರು ಸುತ್ತುವಂತೆ ಮಾಡಿದೆ. ನಿನ್ನ ಮನೆಗೆ ಬಂದಾಗಲೆಲ್ಲ ತೋಡಿನಿಂದ ಕಲ್ಲು ಹೆಕ್ಕಿ ಚೀಲದಲ್ಲಿ ತಂದೆ. ಕಾರ್ಕಳದ ಬಸ್ಸಿನ ಕಂಡಕ್ಟರ್ ಚೀಲ ಎತ್ತಿ ನೋಡಿ, “ಎಂತ ಮಾರಾಯ, ಮಣಿಪಾಲದಲ್ಲಿ ಕಲ್ಲು ಇಲ್ವಾ? ಇಡೀ ಗುಡ್ಡವೇ ಕಲ್ಲು ಅಲ್ವಾ ಅದು!” ಎಂದು ನಗಾಡಿದ್ದ.

ಮೀನು ಮಾತ್ರ ಸಿಗಲಿಲ್ಲ. ತೋಡಿನ ಸೇತುವೆಯ ಕೆಳಗೆ ಹೆಗಲ ಬೈರಾಸನ್ನೇ ಬಲೆಯ ಹಾಗೆ ಹಿಡಿದು ನಿಂತರೆ ನೆರಳು ಬಿದ್ದ ಕೂಡಲೇ ಓಡುತ್ತಿದ್ದವು. ಹೇಗೋ ಹಿಡಿದವು ದಾರಿಯಲ್ಲೇ ಸತ್ತವು. ಮೇಷ್ಟ್ರು ಮಳೆಗಾಲಕ್ಕೆ ಮುಂಚೆ ಊರಿಗೆ ಹೊರಡುವವರಿದ್ದರು. ಹೋಗುವ ಮೊದಲು ಒಂದು ಭಾನುವಾರ ನನ್ನ ತೊಟ್ಟಿ ನೋಡಲು ಬರುತ್ತೇನೆ ಎಂದಿದ್ದರು. ತೊಟ್ಟಿಯಲ್ಲಿ ಬರೀ ಕಲ್ಲು ಇತ್ತು.

ಆಗ ನನಗೆ ದೇವರ ಗುಂಡಿ ನೆನಪಾಯಿತು.

ತೋಡಿನ ಆಳದ ಆ ಗುಂಡಿಯ ಮೀನನ್ನು, ದೇವರದ್ದೆಂದು, ನಿನ್ನ ಗಂಡನ ಮನೆಯವರು ಯಾವ ಕಾಲದಿಂದಲೋ ಮುಟ್ಟಿದವರಲ್ಲ. ಬೆಳಿಗ್ಗೆ ಮನೆಯವರು ಗಂಜಿಗೆ ಕೂರುವ ಮೊದಲು ಹಿರಿಯ ಸೊಸೆ ಹೋಗಿ ಒಂದು ಮುಷ್ಟಿ ಅನ್ನ ಹಾಕಬೇಕು. ಮದುವೆಯಾದಂದಿನಿಂದ ಅದು ನಿನ್ನ ಕೆಲಸ. ನೀನು ಕೈ ಎತ್ತಿದರೆ ಸಾಕು, ಅವು ಮೇಲೆ ಬಂದು ನೀರು ಕುದಿಸುತ್ತಿದ್ದವು. ಅವುಗಳಲ್ಲಿ ಬಾಲ ಹರಿದ ದೊಡ್ಡದೊಂದನ್ನು ನೀನು ಅಜ್ಜಿ ಎಂದು ಕರೆಯುತ್ತಿದ್ದೆ. “ನೋಡು ತಮ್ಮ, ಅಜ್ಜಿಗೆ ಕೊಡದಿದ್ದರೆ ಬೇರೆಯವುಗಳಿಗೆ ತಿನ್ನಲಿಕ್ಕೆ ಬಿಡುವುದಿಲ್ಲ. ಥೇಟ್ ನನ್ನ ಅತ್ತೆ!” ಎಂದು ಮೆಲ್ಲನೆ ಹೇಳಿ ನಕ್ಕಿದ್ದೆ.

ಯಾರೂ ಹಿಡಿಯದ ಮೀನಿಗೆ ಹೆದರಿಕೆ ಇರುವುದಿಲ್ಲ. ಇಷ್ಟು ಸರಳ ವಿಷಯ ನನಗೆ ಹೊಳೆದದ್ದೇ ತಡವಾಯಿತು ಎಂದು ನನ್ನ ಮೇಲೇ ಬೇಸರಪಟ್ಟುಕೊಂಡೆ — ನೋಡು, ಆಗ ನನಗಿದ್ದ ಬೇಸರ ಅದೊಂದೇ.

ಆ ಸಲ ನಾನು ಬಂದಾಗ ನೀನು ಮನೆಯಿಂದ ಹೊರಗೆ, ಪಕ್ಕದ ಕೊಟ್ಟಿಗೆಯ ಜಗಲಿಯಲ್ಲಿ ಕೂತಿದ್ದೆ. ತಿಂಗಳ ಆ ಮೂರು ದಿನ ನೀನು ಗುಂಡಿಯ ಹತ್ತಿರ ಹೋಗುವ ಹಾಗಿಲ್ಲ. ನಿನ್ನ ಅತ್ತೆಗೆ ಮಂಡಿ ನೋವು, ದಂಡೆ ಇಳಿಯಲಾಗದು. ಬೆಳಿಗ್ಗೆ ಅನ್ನದ ತಟ್ಟೆ ನನ್ನ ಕೈಗೆ ಕೊಟ್ಟರು. “ಸೊಸೆಯ ತಮ್ಮ ಅಂದ್ರೆ ನಮ್ಮ ಮನೆಯವನೇ ಅಲ್ವಾ. ಒಂದು ಮುಷ್ಟಿ ಹಾಕಿ ಬಾ ಮಗ.”

ನಾನು ಹೋದೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಬಾಯಗಲದ ಮಣ್ಣಿನ ಮಡಕೆ. ಮಡಕೆಯನ್ನು ನೀರಿನಲ್ಲಿ ಮುಳುಗಿಸಿ ಒಳಗೆ ಅನ್ನ ಹಾಕಿದೆ. ಅವು ತಾವಾಗಿಯೇ ಒಳಗೆ ಬಂದವು. ಅಜ್ಜಿ ಎಲ್ಲರಿಗಿಂತ ಮೊದಲು. ಎತ್ತಿದಾಗ ಉಳಿದವು ಚೆಲ್ಲಾಪಿಲ್ಲಿಯಾಗಿ ಕಲ್ಲಿನ ಸಂದಿಗೆ ನುಗ್ಗಿದವು. ಮಡಕೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಗದ್ದೆಯ ಬದುವಿನಲ್ಲಿ ಅಡಗಿಸಿಟ್ಟು, ಒಳಗೆ ಬಂದು ಗಂಜಿ ಉಂಡೆ. “ತಿಂದವಾ?” ಎಂದು ನಿನ್ನ ಅತ್ತೆ ಕೇಳಿದರು. “ತಿಂದವು” ಎಂದೆ. ಅದು ಸುಳ್ಳಲ್ಲ.

ಮಣಿಪಾಲದಲ್ಲಿ ಅವು ಬದುಕಿದವು. ಪಂಪಿನ ನೀರು ಬರುವ ಕಡೆಗೆ ಮುಖ ಮಾಡಿ ಸಾಲಾಗಿ ನಿಂತವು, ಚಿತ್ರದಲ್ಲಿ ಕಂಡ ಹಾಗೆಯೇ. ಬಿಸಿಲಿನಲ್ಲಿ ಅವುಗಳ ಬೆನ್ನು ಹೊಳೆಯುವುದನ್ನು ಮೊದಲ ಸಲ ಸರಿಯಾಗಿ ನೋಡಿದೆ. ನನಗೆ ಸಂತೋಷವಾಯಿತು, ಅಕ್ಕ. ಅದನ್ನು ಮುಚ್ಚಿಡುವುದಿಲ್ಲ. ಒಂದೇ ಒಂದು ವಿಷಯ ಕಿರಿಕಿರಿ ಮಾಡುತ್ತಿತ್ತು — ಬೆಳಿಗ್ಗೆ ಹಲ್ಲುಜ್ಜಲು ಕೈ ಎತ್ತಿದರೂ ಅವು ಮೇಲೆ ಬರುತ್ತಿದ್ದವು.

ಮುಂದಿನ ವಾರ ಮತ್ತೆ ಬಂದಾಗ ನೀನು ನನ್ನನ್ನು ದಂಡೆಗೆ ಕರೆದುಕೊಂಡು ಹೋದೆ. ಗುಂಡಿಯಲ್ಲಿ ಒಂದು ಮೀನೂ ಮೇಲೆ ಬರುತ್ತಿರಲಿಲ್ಲ. ಹೆದರಿದವು ಹೆದರಿಯೇ ಉಳಿದಿದ್ದವು. ಅನ್ನ ನೀರಿನ ಮೇಲೆ ತೇಲಿ ಹುಳಿಯುತ್ತಿತ್ತು. ನೀನು ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದೆ:

“ಯಾರ ಹತ್ರವೂ ಹೇಳಬೇಡ ತಮ್ಮ. ಹೊರಗೆ ಕೂತಿದ್ದಾಗ ಕೆಳಗೆ ತೋಡಿನಲ್ಲಿ ಒಗೆಯಲಿಕ್ಕೆ ನೀರಿರಲಿಲ್ಲ. ಗುಂಡಿಯ ಮೇಲಿನ ಕಲ್ಲಿನ ಹತ್ರ ಹೋದೆ. ಸೀರೆ ಜಾರಿ ಗುಂಡಿಗೆ ಬಿತ್ತು. ನಾನು ಇಳಿದು ಎತ್ತಿಕೊಂಡೆ. ನನ್ನಿಂದಲೇ ಹೋದದ್ದು ಅವು.”

ನೀನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಮನೆಯಲ್ಲಿ ಒಬ್ಬರಿಗೂ ಹೇಳಲಾಗದ್ದನ್ನು ನೀನು ನನಗೆ ಹೇಳಿದೆ, ತಮ್ಮನೆಂದು ನಂಬಿ. ನಾನು ಹೇಳಿದ ಮಾತು ಇಷ್ಟು:

“ಆಯ್ತು. ಹೇಳುವುದಿಲ್ಲ.”

ಆಗ ಅವು ಬದುಕಿದ್ದವು. ಮಡಕೆಯಲ್ಲಿ ತುಂಬಿ ವಾಪಸು ತಂದು ಬಿಡಬಹುದಿತ್ತು, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೆ ಮೇಷ್ಟ್ರು ಬರುವ ಭಾನುವಾರ ಇನ್ನೂ ಬಂದಿರಲಿಲ್ಲ. ಅವರು ನೋಡಿ ಹೋದ ಮೇಲೆ ಬಿಟ್ಟರಾಯಿತು ಎಂದುಕೊಂಡೆ. ನಿನ್ನ ಕಣ್ಣೀರು ಒಂದು ವಾರ ತಡೆದೀತು ಎಂದು ನನ್ನ ಲೆಕ್ಕ.

ನೀನು ಅಲ್ಲೇ, ನನ್ನೆದುರಿಗೇ, ನೀರು ಮುಟ್ಟಿ ಹರಕೆ ಹೇಳಿಕೊಂಡೆ — ಅಜ್ಜಿ ತಿರುಗಿ ಬರುವವರೆಗೆ ಮೀನು ತಿನ್ನುವುದಿಲ್ಲ.

ಭಾನುವಾರ ಮೇಷ್ಟ್ರು ಬಂದರು. ತೊಟ್ಟಿಯ ಮುಂದೆ ನೆಲದ ಮೇಲೇ ಕೂತು ಬಹಳ ಹೊತ್ತು ನೋಡಿದರು, ನನ್ನ ಬೆನ್ನು ತಟ್ಟಿದರು. ಎಲ್ಲಿ ಸಿಕ್ಕಿತು ಎಂದು ಕೇಳಿದರು. “ಅಕ್ಕನ ಮನೆಯ ತೋಡಿನಲ್ಲಿ” ಎಂದೆ. ನಿಮ್ಮ ಅಕ್ಕನಿಗೆ ನನ್ನ ವಂದನೆ ತಿಳಿಸಿ ಎಂದರು. ಆ ವಂದನೆಯನ್ನು ಈಗ ತಿಳಿಸುತ್ತಿದ್ದೇನೆ.

ಆಮೇಲಿನ ಭಾನುವಾರಕ್ಕೆ ಬಿಟ್ಟು ಬರುವುದೆಂದು ಮಾಡಿದ್ದೆ. ನಡುವೆ ಒಂದು ದಿನ, ಸುಡುವ ಬಿಸಿಲಿನ ಹೊತ್ತಿನಲ್ಲಿ, ಕರೆಂಟು ಹೋಯಿತು. ನಾನು ಕೆಲಸದಲ್ಲಿದ್ದೆ. ಸಂಜೆ ಬಂದು ಬಾಗಿಲು ತೆಗೆದಾಗ ಪಂಪು ತಿರುಗುತ್ತಿತ್ತು — ಕರೆಂಟು ಬಂದಿತ್ತು. ನೀರು ಬೆಚ್ಚಗಿತ್ತು. ಮೀನುಗಳು ಮೇಲೆ ತೇಲಿ, ಆ ನೀರಿನ ಜೊತೆ ಸುತ್ತು ಹಾಕುತ್ತಿದ್ದವು.

ಮಳೆ ಬಂತು, ತೋಡು ತುಂಬಿತು, ಮರುವರ್ಷ ಗುಂಡಿಗೆ ಬೇರೆ ಮೀನುಗಳು ಬಂದವು. ಎಲ್ಲರೂ ಸಮಾಧಾನಪಟ್ಟರು. ನೀನು ಮಾತ್ರ ಒಪ್ಪಲಿಲ್ಲ. “ಇವು ಬೇರೆ. ಅಜ್ಜಿ ಬರಲಿ” ಎಂದೆ.

ಚಿಕ್ಕವಳಿದ್ದಾಗ ಬಂಗುಡೆಯ ತಲೆಗಾಗಿ ನನ್ನೊಡನೆ ಜಗಳವಾಡುತ್ತಿದ್ದವಳು ನೀನು. ಬಸುರಿಯಾಗಿ ತವರಿಗೆ ಬಂದಾಗ ಅಮ್ಮ ಬೂತಾಯಿ ಹುರಿಯುತ್ತಿದ್ದಳು. ನೀನು ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡು ನಿಂತಿದ್ದೆ. ಆಮೇಲೆ ಅಂಗಳಕ್ಕೆ ಹೋಗಿ ಕೂತೆ. ಅಮ್ಮ ಮಟ್ಟುವಿನಿಂದ ಗುಳ್ಳ ಬದನೆ ತರಿಸಿ, ಅದಕ್ಕೇ ಮೀನಿನ ಮಸಾಲೆ ಅರೆದು ಹಾಕಿ, ನಿನಗೆಂದು ಬೇರೆ ಸಾರು ಮಾಡುತ್ತಿದ್ದಳು. ನನ್ನ ಮದುವೆಯ ಮರುದಿನದ ಮೀನೂಟಕ್ಕೆ ಸೆರಗು ಸಿಕ್ಕಿಸಿ ಎಲ್ಲರಿಗೂ ಬಡಿಸಿದವಳು ನೀನೇ. “ಅಕ್ಕ ಭಟ್ರಾದ್ಲು” ಎಂದು ಎಲ್ಲರೂ ಚೇಷ್ಟೆ ಮಾಡಿದರು. ನಾನೂ ಮಾಡಿದೆ. ನಕ್ಕು, ನನ್ನ ಎಲೆಗೆ ದೊಡ್ಡ ತುಂಡನ್ನೇ ಹಾಕಿದೆ ನೀನು.

ಅಷ್ಟು ವರ್ಷ ಹೀಗೇ ಹೋಯಿತು. ಇನ್ನೂ ಹೋಗುತ್ತಿತ್ತೋ ಏನೋ. ಆದರೆ ಕಳೆದ ತಿಂಗಳು ನಿನ್ನ ಮಗಳು ಶಶಿ ದೊಡ್ಡವಳಾದಳೆಂದು ನೋಡಲು ಬಂದಿದ್ದೆನಲ್ಲ. ನೀನು ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳುತ್ತಿದ್ದೆ: “ಆ ದಿನಗಳಲ್ಲಿ ತೋಡಿನ ಕಡೆ ತಿರುಗಿಯೂ ನೋಡಬೇಡ ಮಗಳೇ. ನಾನು ನೋಡಿ ಅನುಭವಿಸಿದವಳು.” ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಅವಳಿಗೆ ಹೇಳಿದೆ ನೀನು. ಅವಳು ಬಸ್ಸಿನವರೆಗೆ ನನ್ನನ್ನು ಕಳಿಸಲು ಬಂದಳು. ದಾರಿಯಲ್ಲಿ ಕೇಳಿದಳು:

“ಮಾವ, ಅಮ್ಮನಿಂದಲೇ ಹೋದದ್ದಾ ಆ ಮೀನುಗಳು?”

“ಹೌದಂತೆ” ಎಂದೆ.

ಅವಳು ತನ್ನ ಕಾಲುಗಳನ್ನು ನೋಡಿಕೊಂಡಳು. ಬಸ್ಸು ಬಂತು, ನಾನು ಹತ್ತಿದೆ.

ಹಳೆಯ ಕಳವಿಗೆ ನಾನು ಹುಡುಗ, ಬುದ್ಧಿ ಇರಲಿಲ್ಲ ಎನ್ನಬಹುದೇನೋ. ಈ ‘ಹೌದಂತೆ’ಗೆ ಏನು ಹೇಳಲಿ? ತಲೆ ನರೆತವನು ಹೇಳಿದ ಮಾತು ಅದು. ಅದಕ್ಕೇ ಬರೆದೆ. ಬರುವ ಭಾನುವಾರ ಬರುತ್ತೇನೆ. ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ, ಶಶಿಯ ಎದುರಿಗೇ. ಭಾವನವರೂ ಇರಲಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನನಗೆ ಗೊತ್ತು.

ಮೀನು ತರುವುದಿಲ್ಲ. ತಿನ್ನುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನೀನು ತಿಳಿದಿರಬೇಕಾದದ್ದು ಒಂದೇ — ಅಜ್ಜಿಯನ್ನು ನಾನು ಮಣಿಪಾಲದ ಆ ಕೋಣೆಯ ಹಿಂದೆ, ತೆಂಗಿನ ಬುಡದಲ್ಲಿ, ನನ್ನ ಕೈಯಾರೆ ಹೂತಿದ್ದೇನೆ. ಅವಳು ಬರುವುದಿಲ್ಲ, ಅಕ್ಕ. ಇನ್ನು ಕಾಯಬೇಡ.