ಕರಾರು ಪತ್ರದ ಕೊನೇ ಸಾಲು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಓದದೆ ಸಹಿ ಹಾಕಿದವನು ನಾನು. ಕೆಮ್ಮಬಾರದ ಕಡೆ ಕೆಮ್ಮಿದವನೂ ನಾನೇ.

ಮೊನ್ನೆ ಗುಬ್ಬಿಗೆ ವರ್ಗವಾಗಿ ಸಾಮಾನು ಕಟ್ಟುವಾಗ ಟ್ರಂಕಿನ ತಳದಲ್ಲಿ ಒಂದು ಛಾಪಾ ಕಾಗದ ಸಿಕ್ಕಿತು. ಮಡಿಕೆ ಬಿಚ್ಚಿದರೆ ಸಾಂಬ್ರಾಣಿ ವಾಸನೆ... ಎಂಟು ವರ್ಷ ನುಸಿಗುಳಿಗೆ ಜೊತೆ ಬಿದ್ದಿದ್ದ ಕಾಗದ ಅದು. ಹೆಂಡತಿ ಮೂಸಿ ನೋಡಿ, "ನಂಗೇನೂ ಬರ್ತಿಲ್ಲ ಕಣ್ರೀ. ನಿಮ್ಮ ಮೂಗೂ ಮಿಮಿಕ್ರಿ ಶುರು ಮಾಡ್ತಾ?" ಅಂದಳು.

ಅದು ಮರಳೂರಿನ ಬಾಡಿಗೆ ಮನೆಯ ಕರಾರು. ಆಗ ನಾನು ಕೊತ್ತಗೆರೆಯಿಂದ ಟೈಪಿಸ್ಟ್ ಕೆಲಸಕ್ಕೆಂದು ತುಮಕೂರಿಗೆ ಬಂದಿದ್ದೆ. ಕಂಡಕಂಡವರ ದನಿ ಅಣಕಿಸುವುದು ನನ್ನ ಚಾಳಿ. ಬಸ್ ಕಂಡಕ್ಟರ್, ನಮ್ಮ ಹೆಡ್ ಗುಮಾಸ್ತರು, ನಮ್ಮಪ್ಪ, ಹೆಣ್ಣು ನೋಡಲು ಹೋದಾಗ ತೊದಲಿದ ನಾನು... ಯಾರನ್ನೂ ಬಿಟ್ಟವನಲ್ಲ. ಪತ್ರ ಬರೆಯುವವರು ಮೂಗಿನಲ್ಲೇ ಕರಾರು ಓದುತ್ತಿದ್ದರೆ ನಾನು ಆ ಮೂಗುದನಿ ಕಲಿಯುವುದರಲ್ಲಿ ಮುಳುಗಿದ್ದೆ. ಅವರು ಓದಿದ್ದು ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಮನೆಯ ಒಡತಿಯನ್ನು ಬೀದಿಯವರೆಲ್ಲ ಓನರಮ್ಮ ಅಂತಿದ್ದರು. ಅರವತ್ತು ದಾಟಿದ ಸಣ್ಣ ಜೀವ. ಮಕ್ಕಳಿರಲಿಲ್ಲ, ಪಕ್ಕದ ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದರು. "ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳ್ಬುಡು ಮಗ. ಸಹಿ ಆದ್ಮೇಲೆ ತಕರಾರು ತೆಗೀಬಾರ್ದು" ಅಂದರು. ನಾನು ಕೇಳಿದ್ದು ನೀರು ಎಷ್ಟೊತ್ತಿಗೆ ಬರುತ್ತೆ, ಕರೆಂಟಿಗೆ ಬೇರೆ ಮೀಟರ್ ಇದೆಯಾ, ಸುಣ್ಣ ಹೊಡೆಸೋದು ಯಾರು ಅಂತ. ಇನ್ನೊಂದು ಕೀಲಿ ಯಾರ ಹತ್ತಿರ ಇರುತ್ತೆ ಅಂತ ಕೇಳಲಿಲ್ಲ. ಈ ಮನೆಗೆ ಇನ್ಯಾರಾದರೂ ಬರುತ್ತಾರಾ ಅಂತ ಕೇಳಬೇಕೆಂದು ಹೊಳೆಯಲೂ ಇಲ್ಲ.

ಮಾಲಯ ಅಮಾವಾಸ್ಯೆ ಬಂತು. ರಜೆ ಅಂತ ಮಲಗಿದ್ದೆ. ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಾಯಿತು. ಓನರಮ್ಮ ಒಳಗೆ ಬಂದರು, ಕಂಕುಳಲ್ಲಿ ಬಾಳೆಲೆ ಸುರುಳಿ.

"ಏನಮ್ಮ ಇದು?"

"ಎಡೆ ಇಡ್ಬೇಕು ಕಣಪ್ಪ. ಕರಾರಲ್ಲಿ ಬರ್ಸಿಲ್ವಾ?"

ಕಾಗದ ತೆಗೆದು ನೋಡಿದೆ. ಕೊನೇ ಸಾಲು ಹೀಗಿತ್ತು: ಹಿರೀಕರ ಹಬ್ಬದ ದಿನ ಅಡುಗೆಮನೆಯನ್ನೂ ನಡುಮನೆಯನ್ನೂ ಮಾಲೀಕರ ಯಜಮಾನರ ಉಪಯೋಗಕ್ಕೆ ಬಿಟ್ಟುಕೊಡತಕ್ಕದ್ದು.

ಯಜಮಾನರು ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು.

"ನಿಮ್ಮ ಮನೇಲೇ ಇಡಬಹುದಿತ್ತಲ್ಲಮ್ಮ?"

"ಆ ಮನೆ ಅವ್ರಿಗೆ ಗೊತ್ತಿಲ್ಲ. ಅವ್ರು ಹೋದ್ಮೇಲೆ ಕಟ್ಸಿದ್ದು."

ನನ್ನ ಒಲೆಯ ಮುಂದೆ ಕೂತು ಕಾಳುಹುಳಿ ಕುದಿಸುತ್ತಾ ತಾವಾಗಿಯೇ ಹೇಳಿದರು. ಯಜಮಾನರು ಊಟಕ್ಕೆ ಕೂತಾಗ ಏನು ಬೇಕಾದರೂ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರಂತೆ. ಕೊನೇ ದಿನವೂ ಕೆಮ್ಮಿ ಉಪ್ಪು ಕೇಳಿದರು. ಇವರಿಗೆ ಅವತ್ತು ಏನೋ ಸಿಟ್ಟು, ಎದ್ದು ಹಾಕ್ಕೊಳ್ಳಿ ಅಂದುಬಿಟ್ಟರು. ಅವರು ಎದ್ದರು. ಉಪ್ಪು ಹಾಕಿಕೊಳ್ಳಲಿಲ್ಲ, ಕೈತೊಳೆದು ತೋಟದ ಕಡೆ ಹೋದರು. ಸಂಜೆಗೆ ಪಂಪ್‌ಸೆಟ್ ಮನೆ ಹತ್ತಿರ ಬಿದ್ದಿದ್ದವರನ್ನು ಹೊತ್ತು ತಂದರು...

"ಏಳು ವರ್ಷ ಎಡೆ ಇಟ್ಟೆ. ಬಾಗ್ಲಾಚೆ ಕಿವಿಗೊಟ್ಟು ಕೂತೆ. ಒಂದ್ ಸದ್ದಿಲ್ಲ. ಸಿಟ್ಟು ಇಳ್ದಿಲ್ಲ ಅನ್ಸುತ್ತೆ ಕಣಪ್ಪ."

ಎಡೆಯ ಅಡುಗೆ ರುಚಿ ನೋಡುವ ಹಾಗಿಲ್ಲ. ಹಾಗೆಯೇ ಬಡಿಸಿದರು. ಹುಳಿ, ವಡೆ, ಕಜ್ಜಾಯ, ಹೊಸ ಪಂಚೆ, ಒಂದು ಕಟ್ಟು ಬೀಡಿ. ನಡುಮನೆಯ ತುಂಬ ಸಾಂಬ್ರಾಣಿ ಹೊಗೆ. ಇನ್ನು ಬಾಗಿಲು ಹಾಕಿ ಎಲ್ಲರೂ ಆಚೆ ಇರಬೇಕು, ಸತ್ತವರು ಬಂದು ಉಣ್ಣುವ ಹೊತ್ತು. ಸಂಜೆ ಐದರ ಬಿಸಿಲು ಇನ್ನೂ ಇತ್ತು. ಓನರಮ್ಮ ಜಗಲಿ ಮೇಲೆ ಕೂತರು. ನಾನು ಹಿತ್ತಲ ಕಡೆ ಹೋಗುವವನಂತೆ ಹೋಗಿ ನಡುಮನೆಗೆ ಅಂಟಿಕೊಂಡಿದ್ದ ಬಚ್ಚಲಿಗೆ ನುಸುಳಿದೆ.

ಏಳು ವರ್ಷ ಕಾದ ಜೀವಕ್ಕೆ ಒಂದು ಕೆಮ್ಮು ದಾನ ಮಾಡಿದರೆ ನನ್ನ ಗಂಟಲೇನು ಸವೆಯುತ್ತೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಮುಕ್ಕಾಲು ಪಾಲು ತರಲೆ, ಕಾಲು ಪಾಲು ಕನಿಕರ. ಅವರ ಯಜಮಾನರ ದನಿ ನಾನು ಕೇಳಿದವನಲ್ಲ. ಆದರೂ ಒಬ್ಬ ಯಜಮಾನ ಕೆಮ್ಮುವ ಹಾಗೆ ಕೆಮ್ಮಿದೆ. ಒಂದೇ ಸಲ.

ಆಮೇಲೆ ಬಾಯಿಗೆ ಕೈ ಒತ್ತಿಕೊಂಡು ಗೋಡೆಗೆ ಅಂಟಿ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಚಿಲಕ ತೆಗೆದ ಸದ್ದು. ಬಚ್ಚಲ ಬಾಗಿಲ ಸಂದಿಯಿಂದ ನೋಡಿದೆ. ಓನರಮ್ಮ ಸೆರಗು ತಲೆಮೇಲೆ ಹೊದ್ದು, ಎಲೆಯ ಕಡೆ ತಲೆ ಎತ್ತದೆ, ನೆಟ್ಟಗೆ ಅಡುಗೆಮನೆಗೆ ಹೋದರು. ಉಪ್ಪಿನ ಕುಡಿಕೆ ತಂದರು. ಬಗ್ಗಿ, ಎಲೆಯ ತುದಿಗೆ ಉಪ್ಪು ಹಾಕಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ಆಚೆ ಹೋಗಿ ಬಾಗಿಲು ಹಾಕಿಕೊಂಡರು.

ಆಮೇಲೆ ಊಟಕ್ಕೆ ಕೂತಾಗ ಗೊತ್ತಾಯಿತು, ಹುಳಿಗೆ ಉಪ್ಪೇ ಬಿದ್ದಿರಲಿಲ್ಲ. ಓನರಮ್ಮ ಹಳೇದು ನೆನಪಾಗಿ, ಅನುಮಾನ ಬಂದು ಎಲೆಗೆ ಉಪ್ಪು ಹಾಕಿರಬೇಕು ಅಂದುಕೊಂಡು ಉಂಡೆ. ಅವತ್ತು ಅವರ ಮುಖ ನೋಡಬೇಕಿತ್ತು... ಮಾರನೇ ದಿನದಿಂದ ಬೀದಿಯವರಿಗೆಲ್ಲ, "ಈ ಸಲ ಬಂದಿದ್ರು" ಅಂತ ಹೇಳಿಕೊಂಡು ಓಡಾಡಿದರು. ನನಗೆ ಮಾತ್ರ ಆ ಕೆಮ್ಮು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಮುಂದಿನ ಎರಡು ವರ್ಷ ಆ ಹಬ್ಬಕ್ಕೆ ನಾನು ಊರಲ್ಲೇ ಇರಲಿಲ್ಲ.

ಈಗ ಓನರಮ್ಮ ಇಲ್ಲ. ಹೋದ ವರ್ಷ ತೀರಿಕೊಂಡರಂತೆ, ನನಗೆ ತಿಳಿದಿದ್ದು ಮೂರು ತಿಂಗಳಾದ ಮೇಲೆ. ಮನೆ ಯಾರೋ ಕೊಂಡು ಕೆಡವಿದ್ದಾರೆ. ಗಂಡ ಹೆಂಡತಿ ಇಬ್ಬರಿಗೂ ದಾರಿ ಗೊತ್ತಿದ್ದ ಮನೆ, ಅದೇ ಇಲ್ಲ... ಗುಬ್ಬಿಯ ಹೊಸ ಓನರು, "ಏನಾದ್ರೂ ಕೇಳೋದಿದ್ಯಾ ಸಾರ್?" ಅಂದಾಗ ಕರಾರನ್ನು ಎರಡು ಸಲ ಓದಿ, ಇಲ್ಲಿಗೆ ಬೇರೆ ಯಾರಾದರೂ ಬರುತ್ತಾರಾ ಅಂತ ಕೇಳಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮರಳೂರಿನ ಮನೆ ಖಾಲಿ ಮಾಡಿದ ದಿನ ಕೀಲಿ ಅವರ ಕೈಗಿಟ್ಟು, ತಲೆ ತಗ್ಗಿಸಿ ಒಪ್ಪಿಕೊಂಡಿದ್ದೆ. ಅಮ್ಮ, ಅವತ್ತು ಕೆಮ್ಮಿದ್ದು ನಾನು, ತಪ್ಪಾಯಿತು ಅಂತ. ಓನರಮ್ಮ ಕೀಲಿಯನ್ನು ಸೆರಗಿಗೆ ಗಂಟು ಹಾಕುತ್ತಾ ನನ್ನನ್ನೇ ನೋಡಿದರು.

"ಕೆಮ್ಮಿದ್ದು ನೀನು ಅಂತ ಆಗ್ಲೇ ಗೊತ್ತಿತ್ತು ಕಣ್ಲಾ, ಅವ್ರು ಹಂಗ್ ಕೆಮ್ತಿರ್ಲಿಲ್ಲ. ಆಮೇಲೆ ಉಪ್ಪು ಕೇಳಿದ್ದು ನೀನಲ್ವಲ್ಲ."